ಅಳೆದು ಹಾರಿಸಿದ ವಿಮಾನಗಳು: ನಿರ್ದೇಶಕ ಕೆ.ವಿ. ರೆಡ್ಡಿಯವರ ಜೀವನ

ವಿಮಾನ ಎಂಬ ಶಬ್ದವನ್ನು ನಾವು ಇಂದು ಒಂದೇ ಅರ್ಥದಲ್ಲಿ ಬಳಸುತ್ತೇವೆ. ಹಳಗನ್ನಡ ಕಾವ್ಯವನ್ನು ಓದುವ ವಿದ್ಯಾರ್ಥಿಗೆ ಅದರ ಬೇರೆ ಅರ್ಥಗಳೂ ಪರಿಚಿತ. ಪಂಪನ ಆದಿಪುರಾಣದಲ್ಲಿ ಲಲಿತಾಂಗದೇವನು ನೆಲೆಸಿರುವ ಶ್ರೀಪ್ರಭವಿಮಾನವು ಒಂದು ಸ್ವರ್ಗೀಯ ನಿವಾಸ. ರಾಮಾಯಣದ ಪುಷ್ಪಕವು ಆಕಾಶದಲ್ಲಿ ಸಂಚರಿಸುವ ವಾಹನ. ಗರ್ಭಗುಡಿಯ ಮೇಲೆ ಎದ್ದು ನಿಲ್ಲುವ ಕಟ್ಟಡದ ಭಾಗಕ್ಕೂ ವಾಸ್ತುಶಾಸ್ತ್ರದಲ್ಲಿ ವಿಮಾನವೆಂದೇ ಹೆಸರು. ಮನೆ, ವಾಹನ, ಗುಡಿ ಈ ಮೂರನ್ನೂ ಸೂಚಿಸುವ ಶಬ್ದದ ಮೂಲದಲ್ಲಿರುವುದು ಅಳೆಯುವುದು ಎಂಬ ಅರ್ಥವುಳ್ಳ ಧಾತು. ಮಾನ, ಪ್ರಮಾಣ, ಪರಿಮಾಣ ಎಂಬ ಶಬ್ದಗಳೂ ಅದೇ ಧಾತುವಿನಿಂದ ಬಂದವು. ಅಳತೆ ಮಾಡಿ ಕಟ್ಟಿದ್ದು, ಅಳತೆ ಮಾಡಿ ದಾಟಿದ್ದು ಎಂಬ ಭಾವವು ವಿಮಾನ ಎಂಬ ಮಾತಿನೊಳಗೇ ಅಡಗಿದೆ.

ಈ ಅರ್ಥವನ್ನು ಬೆಳ್ಳಿತೆರೆಯ ಮೇಲೆ ಸಾಕ್ಷಾತ್ಕರಿಸಿ ತೋರಿಸಿದ ಒಬ್ಬ ನಿರ್ದೇಶಕರು ನಮ್ಮ ಅನಂತಪುರದ ಸೀಮೆಯವರೇ ಆಗಿದ್ದರು. ಅವರೇ ಕದಿರಿ ವೆಂಕಟ ರೆಡ್ಡಿ, ಚಿತ್ರರಂಗಕ್ಕೆ ಕೆ.ವಿ. ರೆಡ್ಡಿ. ಕಾದಂಬರಿ, ಚಲನಚಿತ್ರ, ದೂರದರ್ಶನ ಧಾರಾವಾಹಿಗಳಲ್ಲಿ ಕಾಣುವ ಅದ್ಭುತ ವಾಹನಗಳ ಮಾತು ಬಂದಾಗ ಇಂದಿನ ಯುವಜನರು ಅಂತರಿಕ್ಷ ನೌಕೆಗಳನ್ನೂ ಕಾಲಯಂತ್ರಗಳನ್ನೂ ನೆನೆಯುತ್ತಾರೆ. ದಕ್ಷಿಣ ಭಾರತದ ಚಿತ್ರರಂಗದಲ್ಲಿ ವೈಜ್ಞಾನಿಕ ಕಲ್ಪನೆಯ ಕಥೆಗಳು ಬಹಳ ತಡವಾಗಿ ಬಂದವು. ಅವು ಬರುವ ಮುನ್ನ ಆ ಸ್ಥಾನವನ್ನು ತುಂಬಿದ್ದು ಪೌರಾಣಿಕ ಮತ್ತು ಜಾನಪದ ಚಿತ್ರಗಳು. ಆ ಚಿತ್ರಗಳಲ್ಲಿ ಹಾರುವ ಮಂಚ, ಒಯ್ಯುವ ಪಾದುಕೆ, ಗಂಧರ್ವರ ವಿಮಾನಗಳನ್ನು ನಂಬುವಂತೆ ನಿರ್ಮಿಸಿದವರಲ್ಲಿ ಅಗ್ರಗಣ್ಯರು ಕೆ.ವಿ. ರೆಡ್ಡಿ. ಅವರ ಶಿಷ್ಯರೊಬ್ಬರು ಮುಂದೆ ಭಾರತೀಯ ಚಿತ್ರರಂಗದ ಪ್ರಸಿದ್ಧ ಕಾಲಯಂತ್ರವನ್ನು ತೆರೆಗೆ ತಂದರೆಂಬುದು ಆಕಸ್ಮಿಕವಾದ ಸಂಗತಿಯಲ್ಲ.

ಈ ಸೀಮೆಗೆ ಆಕಾಶವಾಹನದ ಕಥೆ ಹೊಸದೇನಲ್ಲ. ಹಿಂದೂಪುರಕ್ಕೆ ಸುಮಾರು 15 ಕಿಲೋಮೀಟರ್ ದೂರದ ಲೇಪಾಕ್ಷಿಯ ಸ್ಥಳಪುರಾಣವು ರಾವಣನ ಆಕಾಶರಥವನ್ನು ಅಡ್ಡಗಟ್ಟಿ ಹೋರಾಡಿದ ಜಟಾಯುವು ರೆಕ್ಕೆ ಮುರಿದು ಬಿದ್ದ ನೆಲ ಅದೆಂದು ಹೇಳುತ್ತದೆ. ಹಿಂದೂಪುರ, ಮಡಕಶಿರ, ಕಲ್ಯಾಣದುರ್ಗ, ರಾಯದುರ್ಗಗಳ ಜನರು ಕನ್ನಡ ಮತ್ತು ತೆಲುಗು ಎರಡನ್ನೂ ಬಲ್ಲವರು. ಎರಡೂ ಭಾಷೆಗಳ ಬಯಲಾಟವನ್ನೂ ಸಿನಿಮಾವನ್ನೂ ನೋಡುತ್ತ ಬೆಳೆದವರು. ಆದುದರಿಂದ ತೆಲುಗಿನ ನಿರ್ದೇಶಕರೊಬ್ಬರ ಜೀವನವನ್ನು ಕನ್ನಡ ವಿಭಾಗದ ಪತ್ರಿಕೆಯಲ್ಲಿ ಸ್ಮರಿಸುವುದು ಇಲ್ಲಿ ಅಸಹಜವೆನಿಸದು.

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿಯು ಗೌರಿಬಿದನೂರನ್ನು ದಾಟಿ, ಹಿಂದೂಪುರದ ಪ್ರದೇಶವನ್ನು ಹಾದು, ಮುಂದೆ ತಾಡಿಪತ್ರಿಯನ್ನು ತಲುಪುತ್ತದೆ. ಆ ತಾಡಿಪತ್ರಿಯಲ್ಲಿ 1912ರ ಜುಲೈ 1ರಂದು ವೆಂಕಟ ರೆಡ್ಡಿಯವರು ಜನಿಸಿದರು. ವಿಜಯನಗರದ ಕಾಲದ ಎರಡು ಸುಂದರ ದೇವಾಲಯಗಳು ಆ ಊರಿನಲ್ಲಿವೆ. ಅವುಗಳಲ್ಲಿ ಒಂದಾದ ಚಿಂತಲ ವೆಂಕಟರಮಣ ದೇವಾಲಯದಲ್ಲಿ ಗರುಡನ ಗುಡಿಯನ್ನು ಕಲ್ಲಿನ ರಥದ ಆಕಾರದಲ್ಲಿ ಕಟ್ಟಲಾಗಿದೆ. ಹಂಪಿಯ ಕಲ್ಲಿನ ರಥವನ್ನು ಕಂಡವರಿಗೆ ಇದು ಅದರ ಸೋದರನಂತೆ ತೋರುತ್ತದೆ. ಗುಡಿಯೇ ವಾಹನವಾಗಿ, ವಾಹನವೇ ಗುಡಿಯಾಗಿ ನಿಂತಿರುವ ಆ ಶಿಲ್ಪವು ವಿಮಾನ ಶಬ್ದದ ಅರ್ಥಗಳನ್ನು ಒಂದೇ ಕಡೆ ತೋರಿಸುತ್ತದೆ. ನಿಂತಲ್ಲೇ ನಿಂತ ರಥವು ಸಾಗುತ್ತಿರುವಂತೆ ಕಾಣಬೇಕಾದರೆ ಶಿಲ್ಪಿಯು ಚಕ್ರ, ಅಚ್ಚು, ಪೀಠಗಳ ಪ್ರಮಾಣವನ್ನು ತಪ್ಪದೆ ಪಾಲಿಸಿರಬೇಕು.

ಮದರಾಸಿನಲ್ಲಿ ಪದವಿ ವ್ಯಾಸಂಗವನ್ನು ಮುಗಿಸಿದ ರೆಡ್ಡಿಯವರು ಸಿನಿಮಾವನ್ನು ಪ್ರವೇಶಿಸಿದ್ದು ಕಲಾವಿದರಾಗಿ ಅಲ್ಲ, ಲೆಕ್ಕ ಬರೆಯುವವರಾಗಿ. ತಾಡಿಪತ್ರಿಯ ಅವರ ಸ್ನೇಹಿತರಾದ ಮೂಲಾ ನಾರಾಯಣಸ್ವಾಮಿಯವರು ಚಿತ್ರೋದ್ಯಮದಲ್ಲಿ ಹಣ ತೊಡಗಿಸಿದ್ದರು. ಎಚ್.ಎಂ. ರೆಡ್ಡಿಯವರು 'ಗೃಹಲಕ್ಷ್ಮಿ' ಚಿತ್ರವನ್ನು 1938ರಲ್ಲಿ ನಿರ್ದೇಶಿಸಿದ ರೋಹಿಣಿ ಸಂಸ್ಥೆಯಲ್ಲಿ ವೆಂಕಟ ರೆಡ್ಡಿಯವರಿಗೆ ದೊರೆತದ್ದು ಖಜಾಂಚಿಯ ಕೆಲಸ. ಬಳಿಕ ಬಿ.ಎನ್. ರೆಡ್ಡಿಯವರು ಮತ್ತು ನಾರಾಯಣಸ್ವಾಮಿಯವರು ಕಟ್ಟಿದ ವಾಹಿನಿ ಸಂಸ್ಥೆಯಲ್ಲಿ ಅವರು ನಿರ್ಮಾಣದ ಮೇಲ್ವಿಚಾರಣೆಯನ್ನು ವಹಿಸಿಕೊಂಡರು. 'ವಂದೇಮಾತರಂ', 'ಸುಮಂಗಲಿ', 'ದೇವತ' ಚಿತ್ರಗಳು ತಯಾರಾಗುತ್ತಿದ್ದ ವರ್ಷಗಳಲ್ಲಿ ಒಂದು ದೃಶ್ಯಕ್ಕೆ ಎಷ್ಟು ಮರ, ಎಷ್ಟು ಬಟ್ಟೆ, ಎಷ್ಟು ದಿನದ ಕೂಲಿ, ಎಷ್ಟು ಅಡಿ ಫಿಲ್ಮು ಬೇಕೆಂಬುದನ್ನು ಅವರು ಪ್ರತ್ಯಕ್ಷವಾಗಿ ಕಲಿತರು. ಈ ಲೆಕ್ಕದ ಶಿಕ್ಷಣವೇ ಮುಂದೆ ಅವರ ಕಲೆಯ ಅಡಿಗಲ್ಲಾಯಿತು.

ಅವರು ಸ್ವತಂತ್ರವಾಗಿ ನಿರ್ದೇಶಿಸಿದ ಮೊದಲ ಚಿತ್ರ 1943ರ 'ಭಕ್ತ ಪೋತನ'. ಎರಡನೆಯ ಮಹಾಯುದ್ಧದ ಆ ದಿನಗಳಲ್ಲಿ ವಿದೇಶದಿಂದ ಬರುತ್ತಿದ್ದ ಕಚ್ಚಾ ಫಿಲ್ಮು ದುರ್ಲಭವಾಗಿತ್ತು. ಹೊಸ ನಿರ್ದೇಶಕನಿಗೆ ಒಂದು ಅಡಿಯನ್ನೂ ವ್ಯರ್ಥಮಾಡುವ ಸ್ವಾತಂತ್ರ್ಯವಿರಲಿಲ್ಲ. ಚಿತ್ತೂರು ವಿ. ನಾಗಯ್ಯನವರು ಪೋತನನಾಗಿ ನಟಿಸಿದ ಆ ಚಿತ್ರವು ಜನಮನ್ನಣೆಯನ್ನು ಪಡೆಯಿತು. ಅದೇ ನಟರೊಂದಿಗೆ 1947ರಲ್ಲಿ ಅವರು 'ಯೋಗಿ ವೇಮನ' ಚಿತ್ರವನ್ನು ನಿರ್ಮಿಸಿ ನಿರ್ದೇಶಿಸಿದರು. ವೇಮನನ ಸಮಾಧಿಯಿರುವ ಕಟಾರುಪಲ್ಲಿಯು ಕದಿರಿಯ ಸಮೀಪದಲ್ಲಿದೆ. ಕನ್ನಡ ನಾಡಿನಲ್ಲಿಯೂ ಆತನ ವಚನಗಳಿಗೆ ಮನ್ನಣೆಯಿದೆ. 1949ರ 'ಗುಣಸುಂದರಿ ಕಥ' ಅವರನ್ನು ಸಂತರ ಚರಿತ್ರೆಯಿಂದ ಜಾನಪದ ಕಥೆಯ ಲೋಕಕ್ಕೆ ಕರೆತಂದಿತು.

ನಾಗಿರೆಡ್ಡಿ ಮತ್ತು ಚಕ್ರಪಾಣಿಯವರ ವಿಜಯಾ ಸಂಸ್ಥೆಗಾಗಿ 1951ರಲ್ಲಿ ರೆಡ್ಡಿಯವರು ನಿರ್ದೇಶಿಸಿದ 'ಪಾತಾಳ ಭೈರವಿ' ಅದ್ಭುತ ವಾಹನಗಳ ಕಡೆಗೆ ಅವರು ಇಟ್ಟ ದೊಡ್ಡ ಹೆಜ್ಜೆ. ಕಾಶೀ ಮಜಿಲೀ ಕಥೆಗಳ ಪರಂಪರೆಯಿಂದ ಎಳೆಯನ್ನು ತೆಗೆದು ಪಿಂಗಳಿ ನಾಗೇಂದ್ರರಾಯರು ಕಥೆ ಸಂಭಾಷಣೆಗಳನ್ನು ಹೆಣೆದರು. ಎನ್.ಟಿ. ರಾಮರಾಯರು ತೋಟದವನ ಮಗನಾಗಿಯೂ ಎಸ್.ವಿ. ರಂಗರಾಯರು ನೇಪಾಳದ ಮಾಂತ್ರಿಕನಾಗಿಯೂ ಕಾಣಿಸಿಕೊಂಡರು. ಈ ಕಥೆಯಲ್ಲಿ ದೇವಿಯ ಪ್ರತಿಮೆಯೊಂದಿದೆ. ಅದು ಯಾರ ಕೈಯಲ್ಲಿರುವುದೋ ಅವನ ಇಚ್ಛೆ ನೆರವೇರುತ್ತದೆ. ನಾಯಕನ ಕೈಯಲ್ಲಿದ್ದಾಗ ಅರಮನೆಯೊಂದು ಮೂಡುತ್ತದೆ. ಮಾಂತ್ರಿಕನ ವಶವಾದೊಡನೆ ಅದು ಮಾಯವಾಗುತ್ತದೆ. ದಿಕ್ಕುಗೆಟ್ಟ ನಾಯಕನಿಗೆ ನೆರವಾಗುವುದು ಬೇಕಾದಲ್ಲಿಗೆ ಒಯ್ಯುವ ಪಾದುಕೆಗಳು. ಪ್ರತಿಯೊಂದು ಮಾಯಾವಸ್ತುವಿಗೂ ಒಂದು ನಿಯಮವಿದೆ. ಆ ನಿಯಮವು ನಾಯಕನಿಗೂ ಖಳನಿಗೂ ಸಮಾನ. ಪ್ರೇಕ್ಷಕನು ನಿಯಮವನ್ನು ಮೊದಲೇ ತಿಳಿದಿರುವುದರಿಂದಲೇ ಪ್ರತಿಮೆಯು ಕೈಬದಲಾಗುವಾಗ ಅವನ ಎದೆ ನಡುಗುತ್ತದೆ. 1952ರಲ್ಲಿ ನಡೆದ ಭಾರತದ ಮೊದಲ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಈ ಚಿತ್ರವು ಪ್ರದರ್ಶಿತವಾಯಿತು.

ಮಾಯೆಯ ಕಥೆಗಳಿಗಷ್ಟೇ ರೆಡ್ಡಿಯವರು ಸೀಮಿತರಾಗಲಿಲ್ಲ. ಊರಿನ ಗಣ್ಯರ ಕಪಟವನ್ನು ಬಯಲಿಗೆಳೆದ 'ಪೆದ್ದಮನುಷುಲು' 1954ರ ರಾಷ್ಟ್ರಪ್ರಶಸ್ತಿಗಳಲ್ಲಿ ಶ್ರೇಷ್ಠ ತೆಲುಗು ಚಿತ್ರವೆಂಬ ಮನ್ನಣೆಯನ್ನು ಪಡೆಯಿತು. 1955ರಲ್ಲಿ 'ದೊಂಗರಾಮುಡು' ಬಂದಿತು. ಸಾಮಾಜಿಕ ಕಥೆಯನ್ನು ಕಟ್ಟುವಾಗ ಅವರು ಅನುಸರಿಸಿದ ಕಾರ್ಯಕಾರಣದ ಬಿಗಿಯೇ ಪೌರಾಣಿಕ ಕಥೆಯಲ್ಲಿಯೂ ಉಳಿಯಿತು.

1957ರ ಮಾರ್ಚ್ 27ರಂದು ಬಿಡುಗಡೆಯಾದ 'ಮಾಯಾಬಜಾರ್' ಅವರ ಕೀರ್ತಿಯ ಶಿಖರ. ಬಲರಾಮನ ಮಗಳಿಗೂ ಅಭಿಮನ್ಯುವಿಗೂ ನಡೆಯುವ ಮದುವೆಯ ಈ ಕಥೆಯು ವ್ಯಾಸಭಾರತದ್ದಲ್ಲ. ಜನರ ಕಲ್ಪನೆಯಿಂದ ಬೆಳೆದದ್ದು. ನಮ್ಮ ಯಕ್ಷಗಾನದಲ್ಲಿ ಇದೇ ವಸ್ತುವು ಕನಕಾಂಗಿ ಕಲ್ಯಾಣವೆಂಬ ಪ್ರಸಂಗವಾಗಿದೆ. ಮಹಾಭಾರತದ ಪಾತ್ರಗಳೇ ತುಂಬಿರುವ ಈ ಚಿತ್ರದಲ್ಲಿ ಪಾಂಡವರು ಒಮ್ಮೆಯೂ ತೆರೆಯ ಮೇಲೆ ಬರುವುದಿಲ್ಲ. ಅವರ ಅನುಪಸ್ಥಿತಿಯು ಯಾರ ಗಮನಕ್ಕೂ ಬಾರದಂತೆ ಕಥೆಯನ್ನು ಹೆಣೆದಿರುವುದು ರೆಡ್ಡಿಯವರ ಮತ್ತು ಪಿಂಗಳಿಯವರ ಕೌಶಲಕ್ಕೆ ಸಾಕ್ಷಿ.

ಈ ಚಿತ್ರವನ್ನು ವಾಹನಗಳ ದೃಷ್ಟಿಯಿಂದ ನೋಡಿದರೆ ಒಂದು ಕ್ರಮವು ಕಾಣುತ್ತದೆ. ಮೊದಲನೆಯದು ನೀರಿನ ಮೇಲಿನ ದೋಣಿ. ಪ್ರೇಮಿಗಳು ಬೆಳುದಿಂಗಳಿನಲ್ಲಿ ವಿಹರಿಸುವ ಆ ಹಾಡಿನಲ್ಲಿ ಅದೇ ದೋಣಿಯನ್ನು ಬಳಿಕ ಕೃಷ್ಣ ರುಕ್ಮಿಣಿಯರು, ಅನಂತರ ಬಲರಾಮ ರೇವತಿಯರು ಏರುತ್ತಾರೆ. ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲೆಯವರು ಆ ಹಾಡಿನಲ್ಲಿ ಸೃಷ್ಟಿಸಿದ ಬೆಳುದಿಂಗಳು ಇಂದಿಗೂ ಛಾಯಾಗ್ರಹಣದ ಪಾಠವಾಗಿದೆ. ಎರಡನೆಯದು ನೆಲದ ಮೇಲಿನ ರಥ. ಮಾತು ಮುರಿದ ಅಣ್ಣನ ಮನೆಯನ್ನು ತೊರೆದ ಸುಭದ್ರೆಯು ಮಗನೊಂದಿಗೆ ಕಾಡಿನ ಹಾದಿಯಲ್ಲಿ ಸಾಗುತ್ತಾಳೆ. ಆ ಪಯಣವೇ ಅವರನ್ನು ಘಟೋತ್ಕಚನ ಬಳಿಗೆ ಮುಟ್ಟಿಸುತ್ತದೆ. ಮೂರನೆಯದು ಗಾಳಿಯಲ್ಲಿ ತೇಲುವ ಮಂಚ. ದ್ವಾರಕೆಯ ಅಂತಃಪುರದಲ್ಲಿ ನಿದ್ರಿಸುತ್ತಿರುವ ಶಶಿರೇಖೆಯನ್ನು ಘಟೋತ್ಕಚನು ಮಂಚಸಮೇತ ಎತ್ತಿ ಆಕಾಶಮಾರ್ಗವಾಗಿ ಒಯ್ಯುತ್ತಾನೆ. ಸುಖದ ವಾಹನ, ಅಪಮಾನದ ವಾಹನ, ಬಿಡುಗಡೆಯ ವಾಹನ ಎಂಬ ಏರಿಕೆ ಇಲ್ಲಿದೆ. ನೀರು ಮತ್ತು ನೆಲಗಳ ಮೇಲಿನ ಹಾದಿ ಮುಚ್ಚಿದಾಗ ಮಾತ್ರ ಕಥೆಯು ಆಕಾಶಕ್ಕೆ ಏರುತ್ತದೆ. ಮಂಚವು ಹಾರುವುದು ಪ್ರೇಕ್ಷಕರನ್ನು ಬೆರಗುಗೊಳಿಸುವುದಕ್ಕಾಗಿ ಮಾತ್ರವಲ್ಲ; ಒಲ್ಲದ ಮದುವೆಗೆ ಸಿಕ್ಕ ಹೆಣ್ಣನ್ನು ಪಾರುಮಾಡುವುದಕ್ಕೆ ಬೇರೆ ದಾರಿಯಿಲ್ಲವೆಂಬುದಕ್ಕಾಗಿ. ಆ ಮಂಚವು ಇಂದಿಗೂ ನೆನಪಿನಲ್ಲಿ ಉಳಿದಿರುವುದಕ್ಕೆ ಇದೇ ಕಾರಣ.

ಪ್ರಿಯವಾದುದನ್ನು ತೋರಿಸುವ ಪ್ರಿಯದರ್ಶಿನಿ ಎಂಬ ಪೆಟ್ಟಿಗೆಯೂ ಈ ಚಿತ್ರದಲ್ಲಿದೆ. ಮುಚ್ಚಳ ತೆರೆದರೆ ದೂರದಲ್ಲಿರುವ ಪ್ರಿಯನ ರೂಪವು ಅದರಲ್ಲಿ ಮೂಡುತ್ತದೆ. ಭಾರತದಲ್ಲಿ ದೂರದರ್ಶನದ ಪ್ರಾಯೋಗಿಕ ಪ್ರಸಾರವು ಆರಂಭವಾದದ್ದು 1959ರಲ್ಲಿ; ಈ ಪೆಟ್ಟಿಗೆಯು ಅದಕ್ಕಿಂತ ಎರಡು ವರ್ಷ ಮೊದಲೇ ತೆರೆಗೆ ಬಂದಿತ್ತು. ಕೈಯಲ್ಲಿ ಹಿಡಿದ ಯಂತ್ರದಲ್ಲಿ ದೂರದವರ ಮುಖ ಕಾಣುವ ಇಂದಿನ ವಿದ್ಯಾರ್ಥಿಗಳಿಗೆ ಅದು ಪುರಾಣದ ವಸ್ತುವಿಗಿಂತ ವೈಜ್ಞಾನಿಕ ಕಲ್ಪನೆಯ ವಸ್ತುವಾಗಿಯೇ ತೋರುತ್ತದೆ.

ಇಂಥ ದೃಶ್ಯಗಳನ್ನು ಗಣಕಯಂತ್ರವಿಲ್ಲದ ಕಾಲದಲ್ಲಿ ಹೇಗೆ ತೆಗೆಯುತ್ತಿದ್ದರು ಎಂಬುದನ್ನು ತಿಳಿದರೆ ಅಳತೆಯ ಮಹತ್ತ್ವವು ಸ್ಪಷ್ಟವಾಗುತ್ತದೆ. ಒಂದು ಸೆಕೆಂಡಿಗೆ 24 ಚೌಕಟ್ಟುಗಳು. 35 ಮಿಲಿಮೀಟರ್ ಫಿಲ್ಮಿನ ಒಂದು ಅಡಿಗೆ 16 ಚೌಕಟ್ಟುಗಳು. ಆದುದರಿಂದ ಒಂದು ನಿಮಿಷಕ್ಕೆ 90 ಅಡಿ. ಸುಮಾರು 184 ನಿಮಿಷಗಳ 'ಮಾಯಾಬಜಾರ್' ಎಂದರೆ 16,500 ಅಡಿಗೂ ಮೀರಿದ ಫಿಲ್ಮು, ಎರಡೂವರೆ ಲಕ್ಷಕ್ಕೂ ಹೆಚ್ಚಿನ ಚೌಕಟ್ಟುಗಳು. ಒಂದು ವಸ್ತುವು ಗಾಳಿಯಲ್ಲಿ ತೇಲುವಂತೆ ತೋರಿಸಲು ಅಂದು ಲಭ್ಯವಿದ್ದ ಉಪಾಯಗಳಲ್ಲಿ ಎರಡು ಬಾರಿ ಬೆಳಕಿಗೆ ಒಡ್ಡುವುದು ಮುಖ್ಯವಾದುದು. ಚೌಕಟ್ಟಿನ ಒಂದು ಭಾಗವನ್ನು ಕಪ್ಪಾಗಿ ಮುಚ್ಚಿ ಮೊದಲು ಆಕಾಶವನ್ನು ಚಿತ್ರಿಸಬೇಕು. ಬಳಿಕ ಫಿಲ್ಮನ್ನು ಎಣಿಸಿ ಹಿಂದಕ್ಕೆ ಸುತ್ತಿ, ಮುಚ್ಚಿದ ಭಾಗವನ್ನು ತೆರೆದು, ಉಳಿದುದನ್ನು ಮುಚ್ಚಿ, ವಸ್ತುವನ್ನು ಚಿತ್ರಿಸಬೇಕು. ಎಣಿಕೆಯಲ್ಲಿ ಕೆಲವೇ ಚೌಕಟ್ಟುಗಳು ತಪ್ಪಿದರೂ ಎರಡು ಚಿತ್ರಗಳ ಚಲನೆ ಹೊಂದುವುದಿಲ್ಲ. ಕಣ್ಣಿಗೆ ಕಾಣದ ತಂತಿಗಳು, ನಿಲ್ಲಿಸಿ ನಿಲ್ಲಿಸಿ ತೆಗೆಯುವ ಚಿತ್ರಣ, ಹಿಮ್ಮುಖವಾಗಿ ಓಡಿಸುವ ಫಿಲ್ಮು, ಪುಟ್ಟ ಮಾದರಿಗಳು ಇತರ ಉಪಾಯಗಳು. ದ್ವಾರಕೆಯ ನೋಟಕ್ಕಾಗಿ 50 ಅಡಿಗೆ 60 ಅಡಿಯ ಜಾಗದಲ್ಲಿ ಸುಮಾರು 300 ಪುಟ್ಟ ಮನೆಗಳ ನಗರವೊಂದನ್ನೇ ಕಟ್ಟಲಾಗಿತ್ತು. ಕಲಾನಿರ್ದೇಶನವು ಗೋಖಲೆ ಮತ್ತು ಕಲಾಧರರದು.

ಕೆ.ವಿ. ರೆಡ್ಡಿಯವರು ಗಡಿಯಾರದ ನಿರ್ದೇಶಕರೆಂದೇ ಪ್ರಸಿದ್ಧರು. ಚಿತ್ರೀಕರಣಕ್ಕೆ ಮುನ್ನ ಸಂಪೂರ್ಣ ಚಿತ್ರಕಥೆ ಸಿದ್ಧವಾಗಿರಬೇಕು. ಪ್ರತಿಯೊಂದು ದೃಶ್ಯವನ್ನೂ ಅಭ್ಯಾಸ ಮಾಡಿಸಿ ಸ್ಟಾಪ್‌ವಾಚ್ ಹಿಡಿದು ಅದರ ಅವಧಿಯನ್ನು ಗುರುತಿಸಬೇಕು. ಇಡೀ ಚಿತ್ರದ ಉದ್ದವು ಕ್ಯಾಮೆರಾ ಚಾಲನೆಗೊಳ್ಳುವ ಮೊದಲೇ ತಿಳಿದಿರಬೇಕು. ಇದು ಅವರ ಪದ್ಧತಿ. ಖಜಾಂಚಿಯ ಲೆಕ್ಕಪುಸ್ತಕವು ನಿರ್ದೇಶಕನ ಕೈಯಲ್ಲಿ ಛಂದಸ್ಸಾಯಿತೆಂದು ಹೇಳಬಹುದು. ಷಟ್ಪದಿಯ ಕವಿಗೆ ಮಾತ್ರೆಗಳ ಎಣಿಕೆಯು ಹೇಗೆ ಬಂಧನವಾಗದೆ ನಡಿಗೆಯಾಗುತ್ತದೆಯೋ ಹಾಗೆ ಅವರಿಗೆ ಸೆಕೆಂಡುಗಳ ಎಣಿಕೆಯು ಕಥನದ ಗತಿಯಾಯಿತು.

ಲೋಕದ ಇತರೆಡೆಗಳಲ್ಲಿಯೂ ಅದ್ಭುತ ವಾಹನಗಳು ಇಂಥ ಮಿತಿಗಳೊಳಗೇ ಹುಟ್ಟಿವೆ. ಫ್ರಾನ್ಸಿನ ಜಾದೂಗಾರ ಜಾರ್ಜ್ ಮೆಲಿಯೆಸ್ 1902ರಲ್ಲಿ ತೆಗೆದ ಚಂದ್ರಯಾತ್ರೆಯ ಕಿರುಚಿತ್ರದಲ್ಲಿ ಫಿರಂಗಿಯಿಂದ ಹಾರಿದ ಗುಂಡಿನಾಕಾರದ ವಾಹನವು ಚಂದ್ರನ ಕಣ್ಣಿಗೇ ನಾಟುತ್ತದೆ. ಅಲ್ಲಿದ್ದುದು ಬಣ್ಣ ಬಳಿದ ಪರದೆ ಮತ್ತು ರಂಗಭೂಮಿಯ ಕೈಚಳಕ. ಬ್ರಿಟನ್ನಿನ ದೂರದರ್ಶನದಲ್ಲಿ 1963ರಲ್ಲಿ ಆರಂಭವಾದ 'ಡಾಕ್ಟರ್ ಹೂ' ಧಾರಾವಾಹಿಯ ಕಾಲನೌಕೆಯು ಹೊರಗಿನಿಂದ ರಸ್ತೆಬದಿಯ ಪೊಲೀಸ್ ದೂರವಾಣಿಯ ಪೆಟ್ಟಿಗೆ. ಪರಿಸರಕ್ಕೆ ತಕ್ಕಂತೆ ರೂಪ ಬದಲಿಸಬೇಕಾದ ಯಂತ್ರವು ಕೆಟ್ಟು ಒಂದೇ ರೂಪದಲ್ಲಿ ನಿಂತಿದೆಯೆಂಬುದು ಕಥೆಯ ಸಮಾಧಾನ. ಅಮೆರಿಕದಲ್ಲಿ 1966ರಲ್ಲಿ ಆರಂಭವಾದ 'ಸ್ಟಾರ್ ಟ್ರೆಕ್' ಧಾರಾವಾಹಿಯ ಎಂಟರ್‌ಪ್ರೈಸ್ ನೌಕೆಯನ್ನು ವಾರವಾರವೂ ಬೇರೆ ಬೇರೆ ಗ್ರಹಗಳ ಮೇಲೆ ಇಳಿಸಿ ತೋರಿಸುವುದು ದುಬಾರಿಯಾದ ಕೆಲಸ. ಅದಕ್ಕಾಗಿ ಮನುಷ್ಯರನ್ನು ಕಿರಣಗಳಾಗಿ ಕರಗಿಸಿ ಕೆಳಗಿಳಿಸುವ ಯಂತ್ರವನ್ನು ಕಲ್ಪಿಸಿದರು. ಖರ್ಚಿನ ಲೆಕ್ಕವೇ ಕಲ್ಪನೆಗೆ ದಾರಿ ತೋರಿಸಿತು. ಮದರಾಸಿನ ಸ್ಟುಡಿಯೋದಲ್ಲಿ ರೆಡ್ಡಿಯವರು ನಡೆಸುತ್ತಿದ್ದುದೂ ಇದೇ ಬಗೆಯ ಸಾಧನೆ.

1961ರ 'ಜಗದೇಕವೀರುನಿ ಕಥ' ಚಿತ್ರದಲ್ಲಿ ವಾಹನವು ಒಂದು ಸೀರೆ. ಭೂಮಿಗಿಳಿದ ದೇವಕನ್ಯೆಯ ಸೀರೆಯನ್ನು ಬಚ್ಚಿಟ್ಟರೆ ಆಕೆ ಮರಳಲಾರಳು. ಅದು ಕೈಸೇರಿದೊಡನೆ ಸ್ವರ್ಗಕ್ಕೆ ಹಾರುವಳು. ಕನ್ನಡದ ಜನಪದ ಕಥೆಗಳನ್ನು ಓದಿದವರಿಗೆ ಈ ಆಶಯವು ಚಿರಪರಿಚಿತ. 1963ರ 'ಶ್ರೀಕೃಷ್ಣಾರ್ಜುನ ಯುದ್ಧಮು' ಚಿತ್ರದ ಕಾಳಗವಂತೂ ವಿಮಾನದಿಂದಲೇ ಹುಟ್ಟುತ್ತದೆ. ಆಕಾಶದಲ್ಲಿ ಸಾಗುತ್ತಿದ್ದ ಗಯನೆಂಬ ಗಂಧರ್ವನು ಉಗುಳಿದುದು ಕೆಳಗೆ ಅರ್ಘ್ಯ ಕೊಡುತ್ತಿದ್ದ ಕೃಷ್ಣನ ಬೊಗಸೆಗೆ ಬೀಳುತ್ತದೆ. ಕೃಷ್ಣನು ಆತನನ್ನು ಕೊಲ್ಲುವ ಪ್ರತಿಜ್ಞೆ ಮಾಡುತ್ತಾನೆ. ಗಯನು ಅರ್ಜುನನಲ್ಲಿ ಆಶ್ರಯ ಪಡೆಯುತ್ತಾನೆ. ಪ್ರಾಣಸ್ನೇಹಿತರು ಕಾಳಗಕ್ಕೆ ನಿಲ್ಲುತ್ತಾರೆ. ಕೃಷ್ಣಾರ್ಜುನ ಕಾಳಗವೆಂಬ ಹೆಸರಿನಲ್ಲಿ ಯಕ್ಷಗಾನದ ಪ್ರೇಕ್ಷಕರು ಬಲ್ಲ ಕಥೆಯೇ ಇದು. ಎತ್ತರದಲ್ಲಿ ಸಾಗುವವನ ಅಜಾಗರೂಕತೆಯು ನೆಲದ ಮೇಲಿನವರ ಬದುಕನ್ನು ಹೇಗೆ ಕದಡಬಲ್ಲದೆಂಬ ವಿವೇಕವು ಅದರಲ್ಲಿದೆ.

ಕನ್ನಡ ಚಿತ್ರರಂಗಕ್ಕೂ ರೆಡ್ಡಿಯವರಿಂದ ಒಂದು ದೊಡ್ಡ ಕೊಡುಗೆ ಸಂದಿದೆ. 1965ರಲ್ಲಿ ಅವರು ಎನ್.ಟಿ. ರಾಮರಾಯರನ್ನು ನಾಯಕರನ್ನಾಗಿಸಿ ತೆಲುಗಿನಲ್ಲಿ 'ಸತ್ಯ ಹರಿಶ್ಚಂದ್ರ'ವನ್ನು ನಿರ್ದೇಶಿಸಿದರು. ಅದೇ ಹೆಸರಿನ ಕನ್ನಡ ಚಿತ್ರಕ್ಕೆ ಅವರು ನಿರ್ಮಾಪಕರು, ನಿರ್ದೇಶಕರು ಹುಣಸೂರು ಕೃಷ್ಣಮೂರ್ತಿ, ನಾಯಕರು ರಾಜಕುಮಾರ್. ತೆಲುಗಿನ ಚಿತ್ರವು ಜನರ ಒಲವನ್ನು ಗಳಿಸಲಿಲ್ಲ. ರಾಘವಾಂಕನ ಕಾವ್ಯದ ಹಿನ್ನೆಲೆಯುಳ್ಳ ಕನ್ನಡದ ಹರಿಶ್ಚಂದ್ರನು ನಾಡಿನ ಮನೆಮಾತಾದನು. 2008ರಲ್ಲಿ ಬಣ್ಣ ತುಂಬಿಸಿಕೊಂಡು ಮತ್ತೊಮ್ಮೆ ಚಿತ್ರಮಂದಿರಗಳಿಗೆ ಬಂದನು. ತಮ್ಮ ಭಾಷೆಯಲ್ಲಿ ಕೈಕೊಟ್ಟ ಕಥೆಯು ನೆರೆಯ ಭಾಷೆಯಲ್ಲಿ ತಮ್ಮದೇ ನಿರ್ಮಾಣದಲ್ಲಿ ಗೆದ್ದುದನ್ನು ಕಾಣುವ ಸನ್ನಿವೇಶವು ಅವರಿಗೆ ಒದಗಿತು.

ಆ ಬಳಿಕದ ವರ್ಷಗಳು ಇಳಿಮುಖವಾದವು. 1968ರಲ್ಲಿ ಬಂದ 'ಉಮಾ ಚಂಡೀ ಗೌರೀ ಶಂಕರುಲ ಕಥ' ಮತ್ತು 'ಭಾಗ್ಯಚಕ್ರಮು' ಎರಡನ್ನೂ ಪ್ರೇಕ್ಷಕರು ಒಪ್ಪಲಿಲ್ಲ. ಅದೇ ಗಡಿಯಾರ, ಅದೇ ಎಣಿಕೆ, ಅದೇ ಶಿಸ್ತು ಇದ್ದರೂ ಕಾಲವು ಬದಲಾಗಿತ್ತು. ಬಣ್ಣದ ಸಾಮಾಜಿಕ ಚಿತ್ರಗಳ ಅಲೆ ಎದ್ದಿತ್ತು. ಕಥೆಯ ಒಳಗಿನ ಸಮಯವನ್ನು ಅಳೆಯಬಲ್ಲ ನಿರ್ದೇಶಕನೂ ಹೊರಗಿನ ಕಾಲದ ರುಚಿಯನ್ನು ಅಳೆಯಲಾರನೆಂಬ ಕಹಿಸತ್ಯವು ಅವರ ಪಾಲಿಗೆ ಬಂದಿತು. ಚಂದ್ರನಿಗೆ ವಾಹನ ಕಳಿಸಿದ ಮೆಲಿಯೆಸ್ ಕೂಡ ಮುಪ್ಪಿನಲ್ಲಿ ಪ್ಯಾರಿಸ್ಸಿನ ರೈಲುನಿಲ್ದಾಣದಲ್ಲಿ ಆಟಿಕೆಗಳ ಅಂಗಡಿಯಲ್ಲಿ ಕೂರಬೇಕಾಯಿತು. ರೆಡ್ಡಿಯವರ ಕೊನೆಯ ಚಿತ್ರ 1971ರ 'ಶ್ರೀಕೃಷ್ಣ ಸತ್ಯ'. ಅವರು ಹಿಂದೆ ಕೃಷ್ಣನ ಪಾತ್ರದಲ್ಲಿ ನಿಲ್ಲಿಸಿದ್ದ ರಾಮರಾಯರೇ ಅದರ ನಾಯಕರು. 1972ರ ಸೆಪ್ಟೆಂಬರ್ 15ರಂದು, 60 ವರ್ಷಗಳನ್ನು ದಾಟಿ ಕೆಲವೇ ವಾರಗಳಾಗಿದ್ದಾಗ, ಅವರು ನಿಧನರಾದರು.

ಅವರ ವಿದ್ಯೆಯು ಅವರೊಂದಿಗೆ ಮುಗಿಯಲಿಲ್ಲ. 'ಮಾಯಾಬಜಾರ್' ಕಾಲದಲ್ಲಿ ಅವರ ಕೈಕೆಳಗೆ ಸಹಾಯಕರಾಗಿ ಕಲಿತ ಸಿಂಗೀತಂ ಶ್ರೀನಿವಾಸರಾಯರು ಆ ಶಿಸ್ತನ್ನು ಮುಂದಕ್ಕೆ ಒಯ್ದರು. 'ಹಾಲು ಜೇನು', 'ಚಲಿಸುವ ಮೋಡಗಳು', 'ಶ್ರಾವಣ ಬಂತು' ಚಿತ್ರಗಳ ಮೂಲಕ ಕನ್ನಡಿಗರಿಗೆ ಅವರು ಚೆನ್ನಾಗಿ ಪರಿಚಿತರು. ಬೆಂಗಳೂರಿನಲ್ಲಿ ಶೃಂಗಾರ್ ನಾಗರಾಜ್ ಅವರೊಂದಿಗೆ ನಿರ್ಮಿಸಿದ ಮಾತಿಲ್ಲದ ಚಿತ್ರಕ್ಕೆ ಅವರು ಇಟ್ಟ ಹೆಸರು 'ಪುಷ್ಪಕ ವಿಮಾನ'. ಅದರಲ್ಲಿ ಹಾರುವ ವಾಹನವಿಲ್ಲ. ಕೆಲಸವಿಲ್ಲದ ಯುವಕನೊಬ್ಬನು ಕೆಲವು ದಿನ ಕದ್ದು ಅನುಭವಿಸುವ ವೈಭವದ ವಸತಿಗೃಹವೇ ಅದರ ಪುಷ್ಪಕ. ನಿವಾಸವೂ ವಿಮಾನವೇ ಎಂಬ ಪಂಪನ ಕಾಲದ ಅರ್ಥವು ಅಲ್ಲಿ ಹೊಸ ರೂಪದಲ್ಲಿ ಮರಳಿತು.

1991ರಲ್ಲಿ ಸಿಂಗೀತಂ ಅವರು ನಿರ್ದೇಶಿಸಿದ 'ಆದಿತ್ಯ 369' ಚಿತ್ರವು ಎಚ್.ಜಿ. ವೆಲ್ಸ್ 1895ರಲ್ಲಿ ಪ್ರಕಟಿಸಿದ ಕಾಲಯಂತ್ರದ ಕಾದಂಬರಿಯಿಂದ ಪ್ರೇರಣೆ ಪಡೆದದ್ದು. ವಿಜ್ಞಾನಿಯೊಬ್ಬನು ಕಟ್ಟಿದ ಯಂತ್ರವನ್ನೇರಿದ ನಾಯಕ ನಾಯಕಿಯರು ಮೊದಲು 1526ನೆಯ ಇಸವಿಯ ಕೃಷ್ಣದೇವರಾಯನ ಆಸ್ಥಾನವನ್ನು ತಲುಪುತ್ತಾರೆ. ಬಳಿಕ 2504ನೆಯ ಇಸವಿಗೆ ಹೋಗಿ ಯುದ್ಧದಿಂದ ಹಾಳಾದ ಭೂಮಿಯನ್ನು ಕಾಣುತ್ತಾರೆ. ಹಾರುವ ಮಂಚವು ದೇಶವನ್ನು ದಾಟಿತು. ಈ ಯಂತ್ರವು ಕಾಲವನ್ನು ದಾಟಿತು. ವಿಜಯನಗರದ ಅರಸರಿಗೆ ನೆಲೆಯಾಗಿದ್ದ ಪೆನುಕೊಂಡವನ್ನೂ ಲೇಪಾಕ್ಷಿಯನ್ನೂ ಮಗ್ಗುಲಲ್ಲಿಟ್ಟುಕೊಂಡಿರುವ ಹಿಂದೂಪುರದವರಿಗೆ ಆ ಯಂತ್ರದ ಮೊದಲ ನಿಲ್ದಾಣವು ತೀರ ಸಮೀಪದ್ದು. ಇನ್ನೊಂದು ಸಂಬಂಧವೂ ಇದೆ. ಕೆ.ವಿ. ರೆಡ್ಡಿಯವರ ಕೃಷ್ಣನಾಗಿದ್ದ ಎನ್.ಟಿ. ರಾಮರಾಯರು 1985ರಿಂದ ಹಿಂದೂಪುರವನ್ನು ವಿಧಾನಸಭೆಯಲ್ಲಿ ಪ್ರತಿನಿಧಿಸಿದರು. ಸಿಂಗೀತಂ ಅವರ ಕಾಲಯಂತ್ರವನ್ನೇರಿದ ನಾಯಕನಾಗಿಯೂ ಕೃಷ್ಣದೇವರಾಯನಾಗಿಯೂ ನಟಿಸಿದ ಅವರ ಮಗ ಬಾಲಕೃಷ್ಣ ಅವರು 2014ರಲ್ಲಿ ಅದೇ ಕ್ಷೇತ್ರದಿಂದ ಆಯ್ಕೆಯಾದರು.

2010ರಲ್ಲಿ 'ಮಾಯಾಬಜಾರ್' ಬಣ್ಣದಲ್ಲಿ ಮರಳಿ ತೆರೆಗೆ ಬಂದಿತು. 2013ರಲ್ಲಿ ರಾಷ್ಟ್ರೀಯ ಸುದ್ದಿವಾಹಿನಿಯೊಂದು ನಡೆಸಿದ ಮತಗಣನೆಯಲ್ಲಿ ಭಾರತದ ಅತ್ಯುತ್ತಮ ಚಿತ್ರವೆಂಬ ಸ್ಥಾನವು ಅದಕ್ಕೆ ದೊರೆಯಿತು. ತಂತ್ರಜ್ಞಾನವು ಇಷ್ಟು ಬೆಳೆದ ಬಳಿಕವೂ ಆ ಮಂಚವು ಹಳತಾಗಿಲ್ಲ. ಗಣಕಯಂತ್ರದಿಂದ ಇಂದು ಎಂಥ ವಾಹನವನ್ನೂ ಕ್ಷಣಮಾತ್ರದಲ್ಲಿ ಹಾರಿಸಬಹುದು. ಆದರೆ ಯಾರನ್ನು ಎಲ್ಲಿಂದ ಎಲ್ಲಿಗೆ, ಯಾವ ಸಂಕಟದಿಂದ ಪಾರುಮಾಡಲು ಅದು ಹಾರಬೇಕೆಂಬುದನ್ನು ಕಥೆಯೇ ನಿರ್ಧರಿಸಬೇಕು. ಕೆ.ವಿ. ರೆಡ್ಡಿಯವರ ಪ್ರತಿಯೊಂದು ವಾಹನಕ್ಕೂ ಈ ಪ್ರಶ್ನೆಗೆ ಉತ್ತರವಿತ್ತು.

ಹಿಂದೂಪುರ ಮತ್ತು ಕಲ್ಯಾಣದುರ್ಗದ ಕಡೆಯಿಂದ ತಾಡಿಪತ್ರಿಗೆ ಹೋಗುವ ಅವಕಾಶ ದೊರೆತ ವಿದ್ಯಾರ್ಥಿಗಳು ಚಿಂತಲ ವೆಂಕಟರಮಣ ದೇವಾಲಯದ ಕಲ್ಲಿನ ರಥವನ್ನು ತಪ್ಪದೆ ನೋಡಬೇಕು. ಆದಿಪುರಾಣದ ಲಲಿತಾಂಗನ ಪ್ರಸಂಗವನ್ನು ತರಗತಿಯಲ್ಲಿ ಓದುವಾಗ, ಕೃಷ್ಣಾರ್ಜುನ ಕಾಳಗವನ್ನು ಬಯಲಾಟದಲ್ಲಿ ಕಾಣುವಾಗ, 'ಮಾಯಾಬಜಾರ್' ಚಿತ್ರದ ಮಂಚದ ದೃಶ್ಯವನ್ನು ಅವುಗಳ ಜೊತೆಗಿಟ್ಟು ಪರಿಶೀಲಿಸುವುದು ಪ್ರಯೋಜನಕರ. ಕಾವ್ಯ, ಶಿಲ್ಪ, ರಂಗ, ಸಿನಿಮಾಗಳು ಬೇರೆ ಬೇರೆ ಮಾಧ್ಯಮಗಳಾದರೂ ಅದ್ಭುತವನ್ನು ನಂಬಿಸುವ ಅವುಗಳ ಕ್ರಮದಲ್ಲಿ ಸಾಮ್ಯವಿದೆ. ಆ ಸಾಮ್ಯವನ್ನು ಗುರುತಿಸಿ ಬರೆಯುವ ಅಧ್ಯಯನಕ್ಕೆ ನಮ್ಮ ಗಡಿಸೀಮೆಯ ದ್ವಿಭಾಷಾ ವಿದ್ಯಾರ್ಥಿಗಳಿಗಿಂತ ಹೆಚ್ಚಿನ ಅರ್ಹತೆಯುಳ್ಳವರು ವಿರಳ.